ಬಿಳಿ ಕಾಗದದ ಕೆಳಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಸುಳ್ಳು ನನ್ನದೇ.
ಎಪ್ಪತ್ತಾರರ ಜನವರಿ. ಬರ್ನ್‌ಲಿ ಊರಿನ
ಮುಚ್ಚಿದ ಹತ್ತಿಗಿರಣಿಯ ಕ್ಯಾಂಟೀನು.
ಶನಿವಾರ ರಾತ್ರಿ ಶುರುವಾದ ಕುಣಿತ
ಭಾನುವಾರ ಚರ್ಚಿನ ಗಂಟೆ ಹೊಡೆಯುವ ತನಕ.
ಕಾಲು ಜಾರಲೆಂದು ನೆಲಕ್ಕೆ ಚೆಲ್ಲಿದ ಪೌಡರು
ಬೆವರಿಗೆ ಮೆತ್ತಿ, ಹುಡುಗರೆಲ್ಲ ಮೊಣಕಾಲುದ್ದ
ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ.

ನಾನು ಹಾಡು ಹಾಕುವವನು. ಹಗಲು ನಲ್ಲಿ ರಿಪೇರಿ.
ನನ್ನ ಹತ್ತಿರ ಒಂದು ಪ್ಲೇಟಿತ್ತು, ಏಳಂಗುಲದ್ದು.
ಅಮೆರಿಕದ ಹಡಗುಗಳು ಭಾರಕ್ಕೆಂದು ಹೇರಿಕೊಂಡು ಬಂದ
ರದ್ದಿಯಲ್ಲಿ ಸಿಕ್ಕಿದ್ದು. ಹತ್ತು ಪೆನ್ನಿ.
ಬೇರೆ ಯಾರ ಬಳಿಯೂ ಇರಲಿಲ್ಲ;
ಇರಬಾರದು ಅಂತಲೇ
ಲೇಬಲ್ಲಿನ ಮೇಲೆ ಬಿಳಿ ಕಾಗದ ಅಂಟಿಸಿದೆ.
"ಯಾರೋ ಇವಳು?" ಅಂದರು, ಕುಣಿದು ಏದುಸಿರಲ್ಲಿ ಬಂದವರು.
ಕಿಟಕಿಯಾಚೆ ಹಿಮ. "ಡಾಲಿ ವಿಂಟರ್ಸ್" ಅಂದೆ.

ಹೆತ್ತಿಲ್ಲ, ಹೊತ್ತಿಲ್ಲ, ಸೋದರತ್ತೆಯಂತೂ ಅಲ್ಲ,
ಹೆಸರಿಟ್ಟೆ.
ಮೂರು ಚಳಿಗಾಲ ಆ ಹೆಸರು ಕೂಗಿ ಕುಣಿದರು.
ಡೆರೆಕ್ ಅದನ್ನು ತೋಳಿಗೆ ಹಚ್ಚೆ ಹಾಕಿಸಿಕೊಂಡ.

ಅಪರೂಪ ಅಂದರೇನು?
ಮಾರಾಟವಾಗದ್ದಕ್ಕೆ ನಾವು ಕೊಟ್ಟ ಮರ್ಯಾದೆ.
ಗೆದ್ದ ಹಾಡು ಊರವರೆಲ್ಲರ ಮನೆಯಲ್ಲಿ ಧೂಳು ತಿನ್ನುತ್ತದೆ,
ಸೋತದ್ದು ಒಬ್ಬನ ಮನೆಯಲ್ಲಿ ದೇವರಾಗುತ್ತದೆ.

ಈಗ ಅರವತ್ತೆಂಟು. ಮಂಡಿ ಎರಡೂ ಹೋಗಿವೆ.
ಇಂಥ ಸೋತ ಹಾಡು ಇಪ್ಪತ್ತನಾಲ್ಕನ್ನು
ಒಂದು ಸಂಕಲನವಾಗಿ ಕಟ್ಟುತ್ತಿದ್ದೇನೆ.
ಹದಿನೇಳನೆಯದಕ್ಕೆ ಬಂದಾಗ
ಒದ್ದೆ ಹತ್ತಿ ಒತ್ತಿ, ಉಗುರಿನಿಂದ ಕಾಗದ ಕೆರೆದೆ.
ಅಂಟಿನ ಜೊತೆ ಅರ್ಧ ಹೆಸರೂ ಎದ್ದು ಬಂತು.
ಉಳಿದದ್ದು: ಆರ್ಡೆಲ್. ಕೆಳಗೆ, ಗ್ಯಾರಿ, ಇಂಡಿಯಾನಾ.

ಏಳು ತಿಂಗಳು. ಚರ್ಚುಗಳ ಪಟ್ಟಿ,
ಉಕ್ಕಿನ ಕಾರ್ಖಾನೆಯ ಪಿಂಚಣಿ ಕಚೇರಿ,
ಕೊನೆಗೆ ಒಬ್ಬ ಮುದಿ ಕ್ಷೌರಿಕನ ನೆನಪು.
ಆರ್ಡೆಲಿಯಾ ಮೇಬ್ರಿ. ಮೂವತ್ತೊಂದು ವರ್ಷ
ಶಾಲೆಯ ಬಸ್ಸು ಓಡಿಸಿ ನಿವೃತ್ತಿ.

ಫೋನಿನಲ್ಲೇ ಹಾಡು ಕೇಳಿಸಿದೆ. ಎರಡು ನಿಮಿಷ ಹದಿನೆಂಟು ಸೆಕೆಂಡು.
ಆ ಕಡೆ ಫ್ರಿಜ್ಜಿನ ಗುಂಯ್ ಅಷ್ಟೆ.
ಆಮೇಲೆ: "ಎರಡನೇ ಚರಣದ ಮಾತು ಮರೆತುಹೋಗಿತ್ತಪ್ಪಾ.
ಬರೀ ಗುನುಗಿದೆ.
ಇನ್ನೊಂದು ಸಲ ಹಾಡ್ತೀನಿ ಅಂದೆ,
ಸ್ಟುಡಿಯೋದವನು ಗಡಿಯಾರ ತೋರಿಸಿದ."

ಅಯ್ಯೋ, ಆ ಗುನುಗು!
ಅಲ್ಲಿಗೆ ಬಂದಾಗಲೇ ಅಲ್ಲವೇ
ನೂಲಿನ ಹುಡುಗಿಯರು ಕಣ್ಣು ಮುಚ್ಚುತ್ತಿದ್ದದ್ದು,
ಡೆರೆಕ್ ಹಿಂದಕ್ಕೆ ಬಿದ್ದು ಅಂಗೈಯೂರಿ ಪುಟಿದೇಳುತ್ತಿದ್ದದ್ದು.
ಹೇಳಿದೆನೋ, ತೊದಲಿದೆನೋ.
ಡಾಲಿ ವಿಂಟರ್ಸಳ ಕಥೆಯನ್ನೂ ಹೇಳಿಬಿಟ್ಟೆ.
ಬೈಗುಳಕ್ಕೆ ಕಿವಿ ಒಡ್ಡಿ ಕೂತೆ.

"ಅವಳಿಗೆ ದುಡ್ಡು ಕೊಟ್ಟರಾ?"
ಇಲ್ಲ, ಅಂದೆ.
"ಹಾಗಾದರೆ ನಾನೇ ಅವಳು."

ನಕ್ಕರು. ಕೆಮ್ಮಿದರು. ಮತ್ತೆ,
"ಡ್ರಮ್ಮಿನವನ ಹೆಸರು ಹಾಕಿದೀಯಾ?
ಕುಲುಮೆಯ ಪಾಳಿ ಮುಗಿಸಿ ನೆಟ್ಟಗೆ ಬಂದಿದ್ದ,
ಒಂದು ಹುಬ್ಬು ಸುಟ್ಟಿತ್ತು,
ಕೈಗವಸು ಬಿಚ್ಚಿ ಹೀಟರಿನ ಮೇಲೆ ಒಣಗಲು ಇಟ್ಟ.
ಪೆಕ್ಕೋ ಅಂತಿದ್ದೆವು. ಅದು ಊರಿಟ್ಟ ಹೆಸರು.
ತಾಯಿ ಇಟ್ಟದ್ದು ಏನೋ."

ಪುಸ್ತಿಕೆಯಲ್ಲಿ ಡ್ರಮ್ಸ್ ಅಂತ ಬರೆದು
ಮುಂದೆ ಅರ್ಧ ಸಾಲು ಬಿಟ್ಟಿದ್ದೇನೆ.
ಅಚ್ಚಿನವನು ಎರಡು ಸಲ ಕೇಳಿದ, ತಪ್ಪಿದೆಯಾ ಅಂತ.

ಫೋನಿಡುವ ಮೊದಲು ಆಕೆ, "ಇನ್ನೊಂದು ಸಲ ಹಾಕು" ಅಂದರು.
ಹಾಕಿದೆ. ಗುನುಗು ಬಂತು.
ಬಂದದ್ದೇ, ಪ್ಲೇಟಿನ ಆ ಹತ್ತೊಂಬತ್ತರ ಹುಡುಗಿಯ ಮೇಲೆ
ಈ ಎಪ್ಪತ್ತಾರರ ದನಿ
ಮರೆತಿದ್ದ ಮಾತು ಹಾಡಿತು.
ಅವತ್ತೇ ರಾತ್ರಿ ಬಸ್ಸಿನಲ್ಲಿ ಮನೆಗೆ ಹೋಗುವಾಗ
ನೆನಪಾಗಿತ್ತಂತೆ.

ನಾಲ್ಕು ಸಾಲು. ನಾನು ಧ್ವನಿಮುದ್ರಿಸಿಕೊಳ್ಳಲಿಲ್ಲ.
ಮೊನ್ನೆ ಪಬ್ಬಿನಲ್ಲಿ ಡೆರೆಕ್,
ಹಚ್ಚೆಯ ಮೇಲಿನ ಸುಕ್ಕು ಸವರುತ್ತಾ,
"ಏನಂತೋ ಆ ಮಾತು?" ಅಂದ.

ಹೇಳಲಿಲ್ಲ.
ಹಳೇ ಚಾಳಿ.